ಚಿತ್ರದ ಬೆನ್ನಿನಿಂದ ಶುರುವಾದ ಪ್ರದರ್ಶನ

ಸ್ವಂತ ಸಂಗ್ರಹದಿಂದಲೇ ಆಧುನಿಕ ಮತ್ತು ಸಮಕಾಲೀನ ಕಲೆಯ ಪ್ರದರ್ಶನವೊಂದನ್ನು ಏರ್ಪಡಿಸಬೇಕೆಂದು ನಮ್ಮ ಸಂಗ್ರಹಾಲಯ ತೀರ್ಮಾನಿಸಿದಾಗ ನಾನು ಅಲ್ಲಿನ ದಾಖಲಾತಿ ವಿಭಾಗಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅದಕ್ಕೆ ಮುಂಚೆ ನಮ್ಮ ಗ್ಯಾಲರಿಗಳು ಬೇರೆ ಕಡೆಯಿಂದ ಎರವಲು ತಂದ ಕೃತಿಗಳಿಂದಲೇ ತುಂಬುತ್ತಿದ್ದವು. ನಮ್ಮವೇ ಆದ ಕೃತಿಗಳು ಉಗ್ರಾಣದಲ್ಲಿ, ಹಳಿಗಳ ಮೇಲೆ ಸರಿಯುವ ಎತ್ತರದ ಜಾಲರಿಗಳಿಗೆ ತೂಗುಬಿದ್ದು, ವರ್ಷಗಟ್ಟಲೆ ಬೆಳಕು ಕಾಣದೆ ಇದ್ದವು. ಎರವಲಿನ ಪ್ರದರ್ಶನದಲ್ಲಿ ನಮಗೆ ಬೇಕಾದದ್ದನ್ನು ಕೇಳಿ ತರಬಹುದು, ಸಿಗದಿದ್ದರೆ ಸಿಗಲಿಲ್ಲವೆಂದು ಹೇಳಬಹುದು. ಸ್ವಂತ ಸಂಗ್ರಹದ್ದಾದರೆ ಇದ್ದುದರಲ್ಲೇ ಮಾತಾಡಬೇಕು. ಯಾವುದು ಇಲ್ಲವೋ ಅದಕ್ಕೂ ನಾವೇ ಉತ್ತರ ಕೊಡಬೇಕು. ಈ ಎರಡನೆಯ ಸಂಗತಿಯ ಭಾರ ಎಷ್ಟೆಂಬುದು ನನಗೆ ಆಗ ಗೊತ್ತಿರಲಿಲ್ಲ.

ನನಗೆ ವಹಿಸಿದ್ದು ತೀರ ಮೊದಲ ಕೆಲಸವಾದ ತಾಳೆ ನೋಡುವುದು. ಸಂಗ್ರಹಕ್ಕೆ ಸೇರಿದ ಪ್ರತಿ ಕೃತಿಗೂ ಒಂದು ಸಂಖ್ಯೆ ಇರುತ್ತದೆ: ಸೇರಿದ ವರ್ಷ, ಆ ವರ್ಷ ಬಂದ ಕಂತು, ಆ ಕಂತಿನೊಳಗಿನ ಕ್ರಮ, ಮೂರನ್ನೂ ಚುಕ್ಕಿಗಳಿಂದ ಬೇರ್ಪಡಿಸಿ ಬರೆದದ್ದು. ಪ್ರದರ್ಶನಕ್ಕೆ ಕೃತಿಗಳನ್ನು ಆಯ್ದು ಜೋಡಿಸುವ ಕ್ಯುರೇಟರ್ ಕೊಟ್ಟ ಉದ್ದನೆಯ ಪಟ್ಟಿಯನ್ನು ಹಿಡಿದು, ಪಟ್ಟಿಯಲ್ಲಿದ್ದದ್ದು ಹೇಳಿದ ಜಾಗದಲ್ಲಿ ಇದೆಯೇ, ಹೇಳಿದ ಅಳತೆಯದ್ದೇ, ತೋರಿಸುವ ಸ್ಥಿತಿಯಲ್ಲಿದೆಯೇ ಎಂದು ನೋಡುವುದು ಮೊದಲ ಐದು ವಾರಗಳ ದಿನಚರಿಯಾಯಿತು. ಕಲಾಕೃತಿಗಳನ್ನು ನೋಡುವ ಕೆಲಸವೆಂದು ಹಿಗ್ಗಿ ಹೋದವನಿಗೆ ಮೊದಲ ದಿನವೇ ತಿಳಿದದ್ದೆಂದರೆ, ಇಲ್ಲಿ ನೋಡಬೇಕಾದದ್ದು ಚಿತ್ರದ ಮುಖವನ್ನಲ್ಲ, ಬೆನ್ನನ್ನು. ಕ್ಯಾನ್ವಾಸಿನ ಹಿಂಬದಿಯ ಮರದ ಪಟ್ಟಿಗಳ ಮೇಲೆ ಹಳೆಯ ಪ್ರದರ್ಶನಗಳ ಚೀಟಿಗಳು, ಸಾಗಣೆದಾರರ ಮೊಹರು, ಸೀಮೆಸುಣ್ಣದಲ್ಲಿ ಬರೆದು ಅರ್ಧ ಒರೆಸಿಹೋದ ಅಂಕಿಗಳು, ಕಲಾವಿದನೇ ಗೀಚಿದ ಹೆಸರು, ತುಕ್ಕು ಹಿಡಿದ ಮೊಳೆಯ ಸುತ್ತ ಕಂದುಗಟ್ಟಿದ ಬಟ್ಟೆ ಕಾಣುತ್ತವೆ. ಒಂದು ಕೃತಿ ಎಲ್ಲೆಲ್ಲಿ ಹೋಗಿ ಬಂತು, ಯಾರ ಕೈ ದಾಟಿತು, ಎಂದು ಒದ್ದೆಯಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಕಡತದಲ್ಲಿ ಎಣ್ಣೆಬಣ್ಣವೆಂದು ಬರೆದಿದ್ದ ಎರಡು ಕೃತಿಗಳು ಅಕ್ರಿಲಿಕ್‌ನವು ಎಂದು ಗೊತ್ತಾದದ್ದೂ ಹಿಂಬದಿಯ ಬರಹದಿಂದಲೇ.

ಅಕ್ರಿಲಿಕ್ ಎಂದಾಗ ಒಂದು ನೋವಿನ ಸಂಗತಿ ನೆನಪಾಗುತ್ತದೆ. ಎರಡು ಮೀಟರ್ ಅಗಲದ, ಬಹುಪಾಲು ಕಪ್ಪು ಬಣ್ಣವೇ ಇರುವ ಚಿತ್ರವೊಂದನ್ನು ಜಾಲರಿಯಿಂದ ಇಳಿಸಿ ಮೇಜಿನ ಮೇಲಿಟ್ಟಿದ್ದೆವು. ನಮ್ಮ ಸಂರಕ್ಷಕಿ ದೀಪಗಳನ್ನೆಲ್ಲ ಆರಿಸಿ, ಒಂದೇ ಒಂದು ಟಾರ್ಚನ್ನು ಚಿತ್ರದ ಮಟ್ಟಕ್ಕೆ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಬಿಟ್ಟರು. ನೇರ ಬೆಳಕಿನಲ್ಲಿ ನುಣುಪಾಗಿ ಕಾಣುತ್ತಿದ್ದ ಕಪ್ಪಿನ ಮೇಲೆ ಎಡದ ಮೂಲೆಯಿಂದ ನಡುವಿನವರೆಗೆ ಸಾಲುಸಾಲಾಗಿ ಸಣ್ಣ ವೃತ್ತಗಳು ಎದ್ದು ಬಂದವು, ಜೇನುಹಲ್ಲೆಯ ಹಾಗೆ. ಹಿಂದೆಂದೋ ಸಾಗಿಸುವಾಗ ಯಾರೋ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಬಣ್ಣದ ಮೇಲೆಯೇ ಸುತ್ತಿದ್ದರು. ಅಕ್ರಿಲಿಕ್ ಎಮಲ್ಷನ್ ಬಣ್ಣ ಒಣಗಿದ ಮೇಲೂ ಕೋಣೆಯ ಸಾಧಾರಣ ಉಷ್ಣತೆಯಲ್ಲಿ ಮೆತ್ತಗೇ ಇರುತ್ತದೆ. ಧೂಳನ್ನು ಹಿಡಿದುಕೊಳ್ಳುತ್ತದೆ, ಒತ್ತಿದ್ದನ್ನು ಮರೆಯುವುದಿಲ್ಲ. ವರದಿಯಲ್ಲಿ ನಾನು ‘ವೃತ್ತಾಕಾರದ ಒತ್ತುಗುರುತುಗಳು, ಎಡಭಾಗ’ ಎಂದು ಬರೆದು ಅಳತೆ ಹಾಕಿ ನಕ್ಷೆ ಮಾಡಿದೆ. ಅವರು ಆ ಸಾಲನ್ನು ಓದಿ ಏನೂ ಹೇಳದೆ ಸಹಿ ಹಾಕಿದರು. ಆ ಚಿತ್ರ ಪ್ರದರ್ಶನಕ್ಕೆ ಬಂತು, ಆದರೆ ಪಕ್ಕದಿಂದ ಬೆಳಕು ಬೀಳದ ಗೋಡೆಯೇ ಅದಕ್ಕೆ ಬೇಕಾಯಿತು. ಮೂರನೆಯ ಕೋಣೆಯ ಇಡೀ ವಿನ್ಯಾಸ ಆ ಪ್ಲಾಸ್ಟಿಕ್ ಗುಳ್ಳೆಗಳಿಂದ ನಿರ್ಧಾರವಾಯಿತು ಎಂದರೆ ಅತಿಶಯೋಕ್ತಿಯಲ್ಲ.

ಆಯ್ಕೆಯ ಸಭೆಗಳಿಗೆ ನಾನು ಟಿಪ್ಪಣಿ ಬರೆದುಕೊಳ್ಳುವವನಾಗಿ ಕೂರುತ್ತಿದ್ದೆ. ಕಾಲಾನುಕ್ರಮದಲ್ಲಿ ತೂಗಬೇಕೇ, ವಿಷಯಾನುಸಾರವಾಗಿ ತೂಗಬೇಕೇ ಎಂಬ ಚರ್ಚೆ ಎರಡು ತಿಂಗಳು ನಡೆಯಿತು. ಇದು ಹಳೆಯ ಜಗಳ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1929ರಲ್ಲಿ ಬಾಗಿಲು ತೆರೆದಾಗ ಅದರ ಮೊದಲ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಬಾರ್ 1936ರಲ್ಲಿ ಆಧುನಿಕ ಕಲೆಯ ಪಂಥಗಳನ್ನೆಲ್ಲ ಬಾಣಗಳಿಂದ ಜೋಡಿಸಿ ಒಂದು ವಂಶವೃಕ್ಷದಂಥ ನಕ್ಷೆ ಬರೆದರು. ಒಂದರಿಂದ ಇನ್ನೊಂದು ಹುಟ್ಟಿತು ಎಂಬ ಆ ಕ್ರಮವೇ ಎಷ್ಟೋ ಸಂಗ್ರಹಾಲಯಗಳ ಗೋಡೆಗಳನ್ನು ದಶಕಗಳ ಕಾಲ ಆಳಿತು. ಲಂಡನ್ನಿನ ಟೇಟ್ ಮಾಡರ್ನ್ 2000ದಲ್ಲಿ ಆರಂಭವಾದಾಗ ಕಾಲಾನುಕ್ರಮವನ್ನು ಬದಿಗಿಟ್ಟು ವಿಷಯಗಳ ಪ್ರಕಾರ ಕೋಣೆಗಳನ್ನು ಜೋಡಿಸಿತು. ಹೊಗಳಿದವರಷ್ಟೇ ಬೈದವರೂ ಇದ್ದರು. ನ್ಯೂಯಾರ್ಕಿನವರೇ 2019ರ ಮರುಜೋಡಣೆಯಲ್ಲಿ ಪಿಕಾಸೊ 1907ರಲ್ಲಿ ಬರೆದ ಅವಿನ್ಯೋದ ಹೆಣ್ಣುಗಳ ಚಿತ್ರ ಇರುವ ಕೋಣೆಗೆ ಫೇತ್ ರಿಂಗ್‌ಗೋಲ್ಡ್ ಅವರ 1967ರ ದೊಡ್ಡ ಚಿತ್ರವೊಂದನ್ನು ತಂದಿಟ್ಟರು. ಅರುವತ್ತು ವರ್ಷದ ಅಂತರದ ಎರಡು ಕೃತಿಗಳು ಎದುರುಬದುರಾದವು. ನಮ್ಮ ಸಭೆಯಲ್ಲಿ ಈ ಮೂರೂ ಉದಾಹರಣೆಗಳು ಅದೆಷ್ಟು ಬಾರಿ ಬಂದವೆಂದರೆ ಕೊನೆಕೊನೆಗೆ ಒಬ್ಬರು ಬಾಯಿ ತೆರೆದ ಕೂಡಲೇ ಉಳಿದವರಿಗೆ ಮುಂದಿನ ಮಾತು ಗೊತ್ತಾಗುತ್ತಿತ್ತು.

ಆದರೆ ನಮ್ಮ ತೊಡಕು ಆ ದೊಡ್ಡವರ ತೊಡಕಾಗಿರಲಿಲ್ಲ. ಕಾಲಾನುಕ್ರಮವಾಗಿ ಇಡೋಣವೆಂದರೆ ಒಂದೊಂದು ದಶಕಕ್ಕೆ ಇಪ್ಪತ್ತು ಕೃತಿ, ಮತ್ತೊಂದಕ್ಕೆ ಎರಡು. ಕಾರಣ ಹುಡುಕಿಕೊಂಡು ಕಡತಗಳಿಗೆ ಹೋದರೆ ಕಲೆಯ ಇತಿಹಾಸಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ: ಆ ಇಪ್ಪತ್ತು ಒಬ್ಬ ಸಂಗ್ರಾಹಕರ ಕುಟುಂಬ ಒಂದೇ ಸಲಕ್ಕೆ ದಾನ ಕೊಟ್ಟವು, ಆ ಎರಡು ಖರೀದಿಗೆ ಹಣವೇ ಇಲ್ಲದಿದ್ದ ವರ್ಷಗಳವು. ಇನ್ನೂ ಕಸಿವಿಸಿ ಉಂಟುಮಾಡಿದ್ದು ನಾನು ಸಿದ್ಧಪಡಿಸಿದ ಇನ್ನೊಂದು ಪಟ್ಟಿ. ನಮ್ಮ ಸಂಗ್ರಹದಲ್ಲಿ ಕಲಾವಿದೆಯರ ಕೃತಿಗಳು ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಇರುವ ಕೃತಿಗಳಲ್ಲಿ ಹೆಚ್ಚಿನವು ಕಾಗದದ ಮೇಲಿನವು ಎಂಬುದನ್ನು ಯಾರೂ ಗಮನಿಸಿರಲಿಲ್ಲ. ಗಂಡಸರಿಂದ ದೊಡ್ಡ ಕ್ಯಾನ್ವಾಸುಗಳನ್ನು ಕೊಂಡಿದ್ದರು, ಹೆಂಗಸರಿಂದ ಜಲವರ್ಣ, ಮುದ್ರಣಚಿತ್ರ, ರೇಖಾಚಿತ್ರಗಳನ್ನು. ಕಾಗದದ್ದಕ್ಕೆ ಬೆಲೆ ಕಡಿಮೆ. ಈಗ ಕಾಗದ ಬೆಳಕಿಗೆ ಬೇಗ ಹಾಳಾಗುವುದರಿಂದ ಕ್ಯಾನ್ವಾಸಿನ ಹಾಗೆ ಅದನ್ನು ವರ್ಷಗಟ್ಟಲೆ ಗೋಡೆಯ ಮೇಲೆ ಬಿಡುವಂತಿಲ್ಲ. ಅಂದು ಕೊಳ್ಳುವಾಗ ಮಾಡಿದ ಜಿಪುಣತನ ಇಂದು ಸಂರಕ್ಷಣೆಯ ನಿಯಮದ ವೇಷ ಹಾಕಿಕೊಂಡು ಬಂದು, ಅದೇ ಕಲಾವಿದೆಯರನ್ನು ಮತ್ತೆ ಉಗ್ರಾಣಕ್ಕೆ ಕಳಿಸುತ್ತಿತ್ತು. ಇದನ್ನು ಸಭೆಯಲ್ಲಿ ಹೇಳಿದಾಗ ಕೆಲ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕ್ಯುರೇಟರ್ ನಡುವಿನ ಕೋಣೆಯನ್ನು ಪೂರ್ತಿ ಕಾಗದಕ್ಕೇ ಬಿಟ್ಟುಕೊಟ್ಟರು, ಮೂರು ತಿಂಗಳಿಗೊಮ್ಮೆ ಕೃತಿಗಳನ್ನು ಬದಲಿಸುವ ಷರತ್ತಿನ ಮೇಲೆ. ಆ ಬದಲಾವಣೆಯ ಕೆಲಸವೆಲ್ಲ ನನ್ನ ತಲೆಗೆ ಬಂತೆಂಬುದು ಬೇರೆ ಮಾತು.

ಬೆಳಕಿನ ಲೆಕ್ಕವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಸಂದರ್ಶಕರ ದೂರುಗಳಲ್ಲಿ ಅರ್ಧದಷ್ಟು ‘ಒಳಗೆ ಕತ್ತಲು’ ಎಂಬುದೇ ಆಗಿರುತ್ತದೆ. ಕಾಗದ, ಬಟ್ಟೆ, ಬಣ್ಣದ ಛಾಯಾಚಿತ್ರಗಳಿಗೆ 50 ಲಕ್ಸ್, ಎಣ್ಣೆ ಮತ್ತು ಅಕ್ರಿಲಿಕ್ ಚಿತ್ರಗಳಿಗೆ ಸುಮಾರು 200 ಲಕ್ಸ್ ಎಂಬುದು ಬಹುಕಾಲದ ರೂಢಿ; ಲಕ್ಸ್ ಎಂದರೆ ಮೇಲ್ಮೈಗೆ ಬೀಳುವ ಬೆಳಕಿನ ತೀಕ್ಷ್ಣತೆಯ ಅಳತೆ. ಹಾನಿಯನ್ನು ಅಳೆಯುವುದು ಬೆಳಕಿನ ತೀಕ್ಷ್ಣತೆ ಮತ್ತು ಅವಧಿ ಎರಡನ್ನೂ ಗುಣಿಸಿ. ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ, 13 ವಾರ 50 ಲಕ್ಸ್ ಬಿದ್ದರೆ 31,200 ಲಕ್ಸ್-ಗಂಟೆ ಆಗುತ್ತದೆ. ಅದೇ ಚಿತ್ರವನ್ನು 200 ಲಕ್ಸಿನಲ್ಲಿಟ್ಟರೆ ಮೂರು ತಿಂಗಳ ಪಾಲು ಮೂರು ವಾರ ಚಿಲ್ಲರೆಯಲ್ಲಿ ಮುಗಿದುಹೋಗುತ್ತದೆ. ಮಾಸಿದ ಬಣ್ಣ ಕತ್ತಲಲ್ಲಿಟ್ಟರೆ ಮರಳಿ ಬರುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆಂದು ಮಾರ್ಕ್ ರಾಥ್ಕೊ 1960ರ ದಶಕದಲ್ಲಿ ಬರೆದ ಐದು ಬೃಹತ್ ಚಿತ್ರಗಳನ್ನು ದೊಡ್ಡ ಕಿಟಕಿಗಳಿದ್ದ ಊಟದ ಕೋಣೆಯಲ್ಲಿ ತೂಗಿ, ಅವುಗಳಲ್ಲಿದ್ದ ಲಿಥಾಲ್ ರೆಡ್ ಎಂಬ ಕೆಂಪು ಬಿಸಿಲಿಗೆ ಮಾಸಿ, 1979ರ ಹೊತ್ತಿಗೆ ಅವನ್ನು ಇಳಿಸಬೇಕಾಯಿತು. 2014ರಲ್ಲಿ ಮತ್ತೆ ತೋರಿಸುವಾಗ ಕ್ಯಾನ್ವಾಸನ್ನು ಮುಟ್ಟದೆ, ಪ್ರೊಜೆಕ್ಟರಿನಿಂದ ಲೆಕ್ಕ ಹಾಕಿದ ಬಣ್ಣದ ಬೆಳಕನ್ನು ಅದರ ಮೇಲೆ ಬಿಟ್ಟು ಹಳೆಯ ಕೆಂಪನ್ನು ಕಣ್ಣಿಗೆ ತಂದುಕೊಟ್ಟರು. ಆ ಉಪಾಯ ನನಗೆ ಬಹಳ ಇಷ್ಟ. ದೀಪ ಆರಿಸಿದರೆ ಚಿತ್ರಕ್ಕೆ ಏನಾಗಿದೆಯೋ ಅದು ಹಾಗೆಯೇ ಅಲ್ಲಿರುತ್ತದೆ.

ಸಮಕಾಲೀನ ವಿಭಾಗದ ಗೋಳೇ ಬೇರೆ. ಚಿತ್ರವಾದರೆ ಇಳಿಸಿ, ಒರೆಸಿ, ತೂಗಬಹುದು. 1990ರ ದಶಕದ ನಮ್ಮ ವಿಡಿಯೊ ಕೃತಿಗೆ ನಾಲ್ಕು ಹಳೆಯ ಕೊಳವೆ ಟಿವಿಗಳು ಬೇಕಿದ್ದವು. ನಮ್ಮಲ್ಲಿದ್ದ ನಾಲ್ಕರಲ್ಲಿ ಮೂರು ಹೊತ್ತಿಕೊಂಡವು, ಒಂದು ಬರಿಯ ಗುಂಯ್‌ಗುಟ್ಟಿತು. ಚಪ್ಪಟೆ ಪರದೆ ಇಟ್ಟರೆ ಆಗದೇ ಎಂದು ನಾನು ಕೇಳಿದೆ. ಕೃತಿಯಲ್ಲಿ ಟಿವಿಗಳ ಬೆನ್ನು ನೋಡುಗರ ಕಡೆಗಿದ್ದು, ಚಿತ್ರ ಗೋಡೆಯ ಮೇಲೆ ಪ್ರತಿಫಲಿಸಿ ಮಾತ್ರ ಕಾಣುತ್ತದೆ ಎಂಬುದನ್ನು ಹಳೆಯ ಫೋಟೋ ತೋರಿಸಿ ವಿವರಿಸಿದಾಗ ನನ್ನ ಪ್ರಶ್ನೆ ನನಗೇ ಪೆದ್ದಾಗಿ ಕಂಡಿತು. ದೊಡ್ಡ ಸಂಸ್ಥೆಗಳಿಗೂ ಈ ಕಾಟ ತಪ್ಪಿದ್ದಲ್ಲ. ನಾಮ್ ಜೂನ್ ಪೈಕ್ 1988ರಲ್ಲಿ 1,003 ಟಿವಿಗಳನ್ನು ಗೋಪುರದಂತೆ ಪೇರಿಸಿ ಮಾಡಿದ ಕೃತಿ ದಕ್ಷಿಣ ಕೊರಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ 2018ರಲ್ಲಿ ಆರಿಹೋಯಿತು. ಹಳೆಯ ಕೊಳವೆಗಳನ್ನು ಸಾಧ್ಯವಾದಷ್ಟು ರಿಪೇರಿ ಮಾಡಿ, ಉಳಿದೆಡೆ ಹೊಸ ಪರದೆ ಕೂರಿಸಿ, 2022ರಲ್ಲಿ ಅದನ್ನು ಮತ್ತೆ ಹೊತ್ತಿಸಿದರು. ನಮಗೆ ನಾಲ್ಕನೆಯ ಟಿವಿ ಒಬ್ಬ ಸಿಬ್ಬಂದಿಯ ಮನೆಯ ಅಟ್ಟದಿಂದ ಬಂತು. ಅದರ ಪ್ರವೇಶವನ್ನು ಯಾವ ಅಂಕಣದಲ್ಲಿ ದಾಖಲಿಸಬೇಕೆಂದು ನಾನು ಒಂದು ಇಡೀ ಮಧ್ಯಾಹ್ನ ಯೋಚಿಸಿದೆ: ಕೃತಿಯ ಭಾಗವೆಂದೇ, ಬಿಡಿಭಾಗವೆಂದೇ, ಪೀಠೋಪಕರಣವೆಂದೇ.

ಲೇಟೆಕ್ಸ್ ರಬ್ಬರಿನಲ್ಲಿ ಮಾಡಿದ ಶಿಲ್ಪವೊಂದನ್ನು ಕೊನೆಗೂ ಕೈಬಿಟ್ಟೆವು. ಈವಾ ಹೆಸ್ಸೆಯಂಥ ಕಲಾವಿದೆ 1960ರ ದಶಕದ ಕೊನೆಯಲ್ಲಿ ಅದೇ ವಸ್ತುವಿನಲ್ಲಿ ಮಾಡಿದ ಕೃತಿಗಳೇ ಕಂದಾಗಿ, ಗಡುಸಾಗಿ, ಮುಟ್ಟಿದರೆ ಮುರಿಯುವಂತಾಗಿವೆ; ನಮ್ಮದು ಪೆಟ್ಟಿಗೆಯೊಳಗೆ ತನ್ನ ಭಾರಕ್ಕೆ ತಾನೇ ಕುಸಿದು ಕೂತಿತ್ತು. ಇನ್ನೊಂದು ಕೃತಿ ಇದಕ್ಕೆ ತದ್ವಿರುದ್ಧ: ಉಗ್ರಾಣದಲ್ಲಿ ಅದು ಇರಲೇ ಇಲ್ಲ, ಕಡತದಲ್ಲಿ ಒಂದು ಹಾಳೆ ಮಾತ್ರ ಇತ್ತು. ಸಾಲ್ ಲೆವಿಟ್ 1968ರಿಂದ ಮಾಡತೊಡಗಿದ ಗೋಡೆಯ ರೇಖಾಚಿತ್ರಗಳ ಮಾದರಿಯಲ್ಲೇ, ಗೋಡೆಯ ಮೇಲೆ ಹೇಗೆ ಗೆರೆ ಎಳೆಯಬೇಕೆಂಬ ಸೂಚನೆಯೇ ಅಲ್ಲಿ ಕೃತಿಯಾಗಿತ್ತು. ಪ್ರದರ್ಶನ ಮುಗಿದ ಮೇಲೆ ಗೋಡೆಗೆ ಬಣ್ಣ ಬಳಿದು ಅಳಿಸುವುದು, ಮತ್ತೆ ಬೇಕಾದಾಗ ಮತ್ತೆ ಎಳೆಯುವುದು. ‘ಪೆನ್ಸಿಲ್ಲಿನ ಗೆರೆಗಳು, ತೋಳು ನೀಳಿದಷ್ಟು ಉದ್ದ’ ಎಂದು ಸೂಚನೆಯಲ್ಲಿತ್ತು. ಯಾರ ತೋಳು ಎಂದಿರಲಿಲ್ಲ. ನಾವು ಮೂವರು ಸರದಿಯಲ್ಲಿ ಆರು ದಿನ ಎಳೆದೆವು. ಗಮನವಿಟ್ಟು ನೋಡಿದರೆ ಬಲಗಡೆಯ ಗೆರೆಗಳು ಒಂದು ಗೇಣು ಗಿಡ್ಡವಾಗಿವೆ, ಅವು ನನ್ನವು.

ಇನ್ನು ನನ್ನ ನಿದ್ದೆ ಕೆಡಿಸಿದ ಕೃತಿಯ ವಿಷಯ. 1970ರ ದಶಕದ ಒಂದು ಅಮೂರ್ತ ಚಿತ್ರ. ಬೂದು ನೆಲ, ಅದರ ಮೇಲೆ ಮಣ್ಣಿನ ಬಣ್ಣದ ಮೂರು ಪಟ್ಟೆಗಳು, ಒಂದು ಅಂಚಿನ ಹತ್ತಿರ ಹಳದಿಯ ತೆಳು ಗೆರೆ. ಮುಂಭಾಗದಲ್ಲಿ ಸಹಿ ಇಲ್ಲ. ಕಡತದ ಕಪ್ಪುಬಿಳುಪು ಫೋಟೋದಲ್ಲಿ ಹಳದಿ ಗೆರೆ ಕೆಳಗಿತ್ತು. ಉಗ್ರಾಣದಲ್ಲಿ ಅದನ್ನು ಹಾಗೆಯೇ ತೂಗಿದ್ದರು, ಕೊಂಡಿಗಳೂ ಆ ದಿಕ್ಕಿಗೇ ಇದ್ದವು. ಬೆನ್ನು ತಿರುಗಿಸಿ ನೋಡಿದಾಗ ಮರದ ಪಟ್ಟಿಯ ಮೇಲೆ ಇದ್ದಿಲಿನಲ್ಲಿ ಬರೆದ ಒಂದು ಬಾಣ ಕಂಡಿತು, ಕೆಳಮುಖವಾಗಿ. ಬಾಣದ ಪಕ್ಕದಲ್ಲಿ ಕಲಾವಿದರ ಹೆಸರು ತಲೆಕೆಳಗಾಗಿತ್ತು. ಅಂದರೆ ಒಂದೋ ಅವರು ಕ್ಯಾನ್ವಾಸನ್ನು ಹೇಗೋ ಒರಗಿಸಿಕೊಂಡು ಅವಸರದಲ್ಲಿ ಬರೆದರು, ಇಲ್ಲವೇ ನಾವು ಅದನ್ನು ದಶಕಗಳಿಂದ ತಲೆಕೆಳಗಾಗಿ ತೂಗಿದ್ದೆವು. ಕಲಾವಿದರು ತೀರಿಕೊಂಡಿದ್ದರು, ಕೇಳಲು ಯಾರೂ ಇರಲಿಲ್ಲ.

ಇಂಥದು ಮೊದಲ ಸಲವೇನಲ್ಲ ಎಂಬ ಸಮಾಧಾನವಂತೂ ಇತ್ತು. 1961ರಲ್ಲಿ ನ್ಯೂಯಾರ್ಕಿನ ಅದೇ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಮತೀಸ್‌ನ ದೋಣಿಯ ಕಾಗದಚಿತ್ರ 47 ದಿನ ತಲೆಕೆಳಗಾಗಿ ನಿಂತಿತ್ತು. ಅದನ್ನು ಗುರುತಿಸಿದ್ದು ಒಬ್ಬ ಸಂದರ್ಶಕಿ. ಮಾಂಡ್ರಿಯಾನ್ 1941ರಲ್ಲಿ ಬಣ್ಣದ ಅಂಟುಪಟ್ಟಿಗಳಿಂದ ಮಾಡಿದ ನ್ಯೂಯಾರ್ಕ್ ನಗರದ ಕೃತಿಯೊಂದು ಬಹುಕಾಲದಿಂದ ತಲೆಕೆಳಗಾಗಿಯೇ ತೂಗಿದೆಯೆಂದು ಅದನ್ನು ಇಟ್ಟುಕೊಂಡಿರುವ ಡ್ಯೂಸೆಲ್‌ಡಾರ್ಫಿನ ಸಂಗ್ರಹಾಲಯ 2022ರಲ್ಲಿ ಹೇಳಿತು. ಅವರು ಅದನ್ನು ತಿರುಗಿಸಲಿಲ್ಲ, ಏಕೆಂದರೆ ತಿರುಗಿಸಿದರೆ ಹಳೆಯ ಅಂಟು ಬಿಟ್ಟುಹೋಗುವ ಭಯ. ನಮಗೆ ಆ ನೆಪವೂ ಇರಲಿಲ್ಲ.

ಸಂರಕ್ಷಕಿ ಭೂತಗನ್ನಡಿ ಹಿಡಿದು ಅಂಚುಗಳನ್ನು ನೋಡಿದರು. ಕ್ಯಾನ್ವಾಸನ್ನು ಮಡಿಸಿ ಮೊಳೆ ಹೊಡೆದ ಪಕ್ಕದ ಅಂಚಿನಲ್ಲಿ ಬೂದು ಬಣ್ಣ ತೆಳುವಾಗಿ ಸೋರಿದ ಎರಡು ಗೆರೆಗಳಿದ್ದವು. ಒಂದು ಬಟಾಣಿಯಷ್ಟು ಹನಿಯಾಗಿ ನಿಂತು ಒಣಗಿತ್ತು. ಹನಿ ಹಳದಿ ಗೆರೆಗೆ ಎದುರಿನ ದಿಕ್ಕಿಗಿತ್ತು. ಬಣ್ಣ ಬಳಿಯುವಾಗ ಹಳದಿ ಮೇಲಿತ್ತು ಎಂಬುದಕ್ಕೆ ಅದು ಸಾಕ್ಷಿ. ಆದರೆ ಬಣ್ಣ ಬಳಿಯುವಾಗಿನ ದಿಕ್ಕೇ ತೂಗುವ ದಿಕ್ಕಾಗಬೇಕೆಂದೇನೂ ಇಲ್ಲ. ಮಧ್ಯದಲ್ಲಿ ತಿರುಗಿಸಿ ಬರೆಯುವವರು ಬೇಕಾದಷ್ಟಿದ್ದಾರೆ. ಹಿಂಬದಿಯ ಒಂದು ಚೀಟಿಯಲ್ಲಿದ್ದ ಹಳೆಯ ಪ್ರದರ್ಶನದ ಹೆಸರು ಹಿಡಿದು ಅದರ ಕೈಪಿಡಿಯನ್ನು ನಮ್ಮ ಗ್ರಂಥಾಲಯದಲ್ಲಿ ಹುಡುಕಿದೆ. ಅದರೊಳಗೆ ಪ್ರದರ್ಶನ ಕೋಣೆಯ ಒಂದು ಅಸ್ಪಷ್ಟ ಫೋಟೋ ಇತ್ತು. ಜನರ ಹೆಗಲುಗಳ ನಡುವೆ ನಮ್ಮ ಚಿತ್ರದ ಮೇಲಿನ ಕಾಲುಭಾಗ. ಅಲ್ಲಿ ಬಿಳಿಚಿಕೊಂಡ ತೆಳು ಗೆರೆಯೊಂದು ಕಾಣುತ್ತಿತ್ತು. ಹಳದಿ ಮೇಲೆ. ಕಲಾವಿದರು ಬದುಕಿದ್ದಾಗ ನಡೆದ ಪ್ರದರ್ಶನ ಅದು. ಕ್ಯುರೇಟರ್ ಆ ಫೋಟೋವನ್ನು ಬಹಳ ಹೊತ್ತು ನೋಡಿ, ‘ತಿರುಗಿಸಿ’ ಎಂದರು. ಕೊಂಡಿಗಳನ್ನು ಬಿಚ್ಚಿ ಎದುರಂಚಿಗೆ ಹಾಕುವಾಗ ನನಗೆ ಅನಿಸಿದ್ದು ಹೆಮ್ಮೆಯಲ್ಲ, ಅಂಜಿಕೆ. ಎರಡು ವರ್ಷ ನಾನು ದಿನವೂ ಹಾದುಹೋಗುತ್ತಿದ್ದ ಚಿತ್ರ ಅದು. ಸರಿಯಾಗಿಯೇ ಇದೆ ಎಂದುಕೊಂಡಿದ್ದೆ, ಚೆನ್ನಾಗಿದೆ ಎಂದೂ.

ಗೋಡೆಯ ಕೆಲಸ ಬೇಗ ಮುಗಿಯಿತು. ಅಳತೆಗೆ ತಕ್ಕಂತೆ ಮಾಡಿಕೊಂಡ ರಟ್ಟಿನ ಮಾದರಿ ಕೋಣೆಗಳಲ್ಲಿ ಅಂಚೆಚೀಟಿಯಷ್ಟು ಚಿತ್ರಗಳನ್ನು ಸರಿಸಿ ಸರಿಸಿ ಜೋಡಣೆ ಮೊದಲೇ ಪಕ್ಕಾ ಆಗಿತ್ತು. ಚಿತ್ರಗಳ ನಡುಬಿಂದು ನೆಲದಿಂದ 150 ಸೆಂಟಿಮೀಟರಿಗೆ ಬರುವಂತೆ ದಾರ ಕಟ್ಟಿದೆವು. ಗೋಡೆಯ ಬಣ್ಣದಿಂದ ಹೊರಡುವ ಆವಿ ಪೂರ್ತಿ ಹೋಗಲೆಂದು ಕೋಣೆಗಳನ್ನು ಖಾಲಿ ಬಿಟ್ಟು ಕಾದೆವು. ಗಾಜಿನ ಪೆಟ್ಟಿಗೆಗಳ ಒಳಗೆ ಹಾಸುವ ಬಟ್ಟೆ ಮತ್ತು ಹಲಗೆಯಿಂದ ಹಾನಿಕರ ಆವಿ ಹೊರಡುತ್ತದೆಯೇ ಎಂದು ತಿಳಿಯಲು ಅವನ್ನು ‘ಆಡಿ’ (Oddy) ಎಂಬ ಹೆಸರಿನ ಪರೀಕ್ಷೆಗೆ ಕಳಿಸಿದ್ದೆವು. ಬೆಳ್ಳಿ, ತಾಮ್ರ, ಸೀಸದ ಚೂರುಗಳ ಜೊತೆ ವಸ್ತುವನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತೇವದೊಂದಿಗೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಟ್ಟು, ಲೋಹ ಕಪ್ಪಾಯಿತೇ, ಬೂಷ್ಟು ಹಿಡಿದಂತಾಯಿತೇ ಎಂದು ನೋಡುವ ಕ್ರಮ ಅದು. ಬಟ್ಟೆ ಪಾಸಾಯಿತು, ಹಲಗೆ ಫೇಲಾಯಿತು. ತೂಗುವ ಮೂರನೆಯ ದಿನ ಕೊಂಡಿಯಿಂದ ಚೌಕಟ್ಟಿನ ತುದಿಯವರೆಗಿನ ಅಂತರವನ್ನು ಕಳೆಯುವುದರ ಬದಲು ನಾನು ಕೂಡಿಸಿದ್ದರಿಂದ, ಹೊಸ ಗೋಡೆಯಲ್ಲಿ ಆರು ತೂತುಗಳು ತಪ್ಪು ಜಾಗದಲ್ಲಿ ಬಿದ್ದವು. ತೂತು ಮುಚ್ಚಿ ಬಣ್ಣ ಬಳಿದವರು ಮೂರು ದಿನ ನನ್ನ ಮುಖ ನೋಡಿದಾಗಲೆಲ್ಲ ಕೂಡುವ ಲೆಕ್ಕ ಹೇಳುತ್ತಿದ್ದರು.

ವಿವರಣೆಯ ಫಲಕಗಳಿಗೆ 60 ಪದಗಳ ಮಿತಿ ಇತ್ತು. ಹದಿನಾಲ್ಕು ಕೃತಿಗಳಿಗೆ ‘ಶೀರ್ಷಿಕೆ ಇಲ್ಲ’ ಎಂಬುದೇ ಶೀರ್ಷಿಕೆಯಾಗಿದ್ದುದರಿಂದ ಅಚ್ಚಿಗೆ ಹೋದ ಕಡತದಲ್ಲಿ ಎರಡು ಅದಲುಬದಲಾದವು. ತೆರೆಯುವ ಹಿಂದಿನ ರಾತ್ರಿ ಕಂಡುಬಂದು ಸರಿಪಡಿಸಿದೆವು. ತಿರುಗಿಸಿದ ಚಿತ್ರದ ಫಲಕದಲ್ಲಿ ತಿರುಗಿಸಿದ ವಿಷಯವನ್ನು ಬರೆಯಬೇಕೇ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿದ್ದವು. ಬರೆದರೆ ಜನ ಚಿತ್ರವನ್ನು ಬಿಟ್ಟು ಒಗಟನ್ನು ನೋಡುತ್ತಾರೆ ಎಂದು ಕ್ಯುರೇಟರ್, ಬರೆಯದಿದ್ದರೆ ನಮ್ಮ ಊಹೆಯನ್ನು ಕಲಾವಿದರ ಮಾತೆಂದು ದಾಟಿಸಿದಂತೆ ಎಂದು ಸಂರಕ್ಷಕಿ. ನನ್ನ ಮತ ಎರಡನೆಯದಕ್ಕಿತ್ತು. ಅದನ್ನು ಯಾರೂ ಕೇಳಲಿಲ್ಲ. ಕೊನೆಗೆ ಒಂದೇ ವಾಕ್ಯ ಉಳಿಯಿತು, ಈ ಚಿತ್ರವನ್ನು ಬಹುಕಾಲ ಇನ್ನೊಂದು ದಿಕ್ಕಿಗೆ ತೂಗಲಾಗಿತ್ತು ಎಂದು.

ಪ್ರದರ್ಶನ ತೆರೆದ ಮೇಲೆ ನಾನು ಬಿಡುವಾದಾಗಲೆಲ್ಲ ಆ ಚಿತ್ರದ ಹತ್ತಿರ ನಿಲ್ಲುತ್ತಿದ್ದೆ. ಫಲಕ ಓದಿದವರೆಲ್ಲ ತಪ್ಪದೆ ಒಂದು ಕೆಲಸ ಮಾಡುತ್ತಿದ್ದರು: ಕತ್ತನ್ನು ಒಂದು ಪಕ್ಕಕ್ಕೆ ಆದಷ್ಟೂ ವಾಲಿಸಿ ಚಿತ್ರವನ್ನು ನೋಡುವುದು. ಒಬ್ಬ ಹುಡುಗ ಬೆನ್ನು ತಿರುಗಿಸಿ ಬಗ್ಗಿ ತನ್ನ ಕಾಲುಗಳ ಸಂದಿಯಿಂದಲೇ ನೋಡಿದ. ಆ ಕೋಣೆಯ ಕಾವಲಿನವರು, ದಿನಕ್ಕೆ ಎಂಟು ಗಂಟೆ ಅದನ್ನು ನೋಡುವವರು, ಹಳದಿ ಕೆಳಗಿದ್ದರೇ ಚಿತ್ರ ನೆಟ್ಟಗೆ ನಿಲ್ಲುತ್ತಿತ್ತು ಎಂದು ತಮ್ಮ ತೀರ್ಪು ಹೇಳಿದರು. ನಾನು ವಾದಿಸಲು ಹೋಗಲಿಲ್ಲ.

ಮೂರು ತಿಂಗಳಾದ ಮೇಲೆ ನಡುವಿನ ಕೋಣೆಯ ಕಾಗದದ ಕೃತಿಗಳನ್ನು ಇಳಿಸಿ, ಎರಡನೆಯ ಕಂತನ್ನು ಏರಿಸಿದೆವು. ಕಲಾವಿದೆಯರ ಪಟ್ಟಿಯಲ್ಲಿ ಇನ್ನೂ ಎರಡು ಕಂತಿಗೆ ಆಗುವಷ್ಟು ಕೃತಿಗಳಿವೆ. ಅವುಗಳಲ್ಲಿ ಹಲವಕ್ಕೆ ಹಿಂದೆಂದೂ ಚೌಕಟ್ಟೇ ಹಾಕಿರಲಿಲ್ಲ. ವರ್ಷ ತುಂಬಿದಾಗ ಕ್ಯಾನ್ವಾಸುಗಳ ಸರದಿ ಬಂತು. ಇಳಿಸಿದ ಪ್ರತಿ ಕೃತಿಯ ಬೆನ್ನಿಗೂ ನಮ್ಮ ಪ್ರದರ್ಶನದ ಚೀಟಿ ಸೇರಬೇಕು. ಈಗ ಅದನ್ನು ಮರಕ್ಕೆ ನೇರವಾಗಿ ಅಂಟಿಸುವುದಿಲ್ಲ, ಹಿಂಬದಿಯ ರಕ್ಷಾಹಲಗೆಯ ಮೇಲೆ ಪಾಲಿಯೆಸ್ಟರ್ ಲಕೋಟೆಯಲ್ಲಿಡುತ್ತೇವೆ. ಬೂದು ಚಿತ್ರವನ್ನು ಮುಖ ಕೆಳಗಾಗಿ ಮೆತ್ತೆಯ ಮೇಲಿಟ್ಟಾಗ ಬಾಣ, ತಲೆಕೆಳಗಾದ ಹೆಸರು, ಬಿಚ್ಚಿದ ಹಳೆಯ ಕೊಂಡಿಗಳ ತೂತುಗಳು ಎಲ್ಲ ಒಟ್ಟಿಗೆ ಕಂಡವು. ಚೀಟಿಯನ್ನು ಹೊಸ ದಿಕ್ಕಿಗೆ ಓದುವಂತೆ ಇಟ್ಟು, ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ತಿರುಗಿಸಿದ ವರ್ಷವನ್ನೂ ಕೈಪಿಡಿಯ ಪುಟಸಂಖ್ಯೆಯನ್ನೂ ಬರೆದೆ. ಹಳೆಯ ತೂತುಗಳನ್ನು ಮುಚ್ಚಲೇ ಎಂದು ಬಡಗಿ ಕೇಳಿದರು. ಹಾಗೆಯೇ ಇರಲಿ ಎಂದು ಹೇಳಿ, ಹಲಗೆಯ ತಿರುಪುಗಳನ್ನು ಬಿಗಿದೆ.